ಅಧಿಕಾರವನ್ನು ಹಿಂದಿರುಗಿಸುವ ಧರ್ಮ

ರಾಜಧರ್ಮವನ್ನು ಕುರಿತು ಪೂರ್ವಿಕರು ಬರೆದಿಟ್ಟಿರುವುದು ಅಲ್ಪವಲ್ಲ. ರಾಜ್ಯವನ್ನು ಸಂಪಾದಿಸುವುದು ಹೇಗೆ, ಸಂಪಾದಿಸಿದುದನ್ನು ಕಾಪಾಡುವುದು ಹೇಗೆ, ಬೊಕ್ಕಸವನ್ನು ತುಂಬುವುದು ಹೇಗೆ, ಮಂತ್ರಿಗಳ ಶೀಲವನ್ನು ಪರೀಕ್ಷಿಸುವುದು ಹೇಗೆ ಎಂಬ ವಿಷಯಗಳಲ್ಲಿ ಶಾಂತಿಪರ್ವದ ಭೀಷ್ಮನೂ ಅರ್ಥಶಾಸ್ತ್ರದ ಕೌಟಿಲ್ಯನೂ ಹೇಳದೆ ಬಿಟ್ಟ ಮಾತು ಕಡಮೆ. ಆದರೆ ಆಳುತ್ತಿರುವವನು ಪೀಠವನ್ನು ಬಿಟ್ಟಿಳಿಯತಕ್ಕದ್ದು ಹೇಗೆ ಎಂಬ ಪ್ರಶ್ನೆಗೆ ಆ ಗ್ರಂಥರಾಶಿಯಲ್ಲಿ ದೊರೆತಿರುವ ಸ್ಥಳವು ಬಹಳ ಕಿರಿದು. ಅದಕ್ಕೆ ಕಾರಣವೂ ಸ್ಪಷ್ಟವಾಗಿದೆ. ರಾಜನಾದವನು ಸಿಂಹಾಸನದಿಂದ ಇಳಿಯಲು ಅಂದು ಮೂರೇ ದಾರಿಗಳಿದ್ದುವು: ಮರಣ, ಯುದ್ಧದಲ್ಲಿ ಸೋಲು, ಮುಪ್ಪಿನಲ್ಲಿ ಮಗನಿಗೆ ಪಟ್ಟ ಕಟ್ಟಿ ತಪೋವನಕ್ಕೆ ಹೋಗುವುದು. ಮೊದಲಿನ ಎರಡರಲ್ಲಿ ಅವನ ಇಚ್ಛೆಗೆ ಎಡೆಯಿಲ್ಲ. ಮೂರನೆಯದರಲ್ಲಿ ಇತರರ ಇಚ್ಛೆಗೆ ಎಡೆಯಿಲ್ಲ. ಇಚ್ಛೆಯ ಘರ್ಷಣೆಯೇ ಇಲ್ಲದ ಕಡೆ ಧರ್ಮಜಿಜ್ಞಾಸೆಗೆ ಕೆಲಸವೇನಿದ್ದೀತು?

ಪ್ರಜಾಪ್ರಭುತ್ವವು ಇವಕ್ಕೆ ನಾಲ್ಕನೆಯದೊಂದು ದಾರಿಯನ್ನು ಕೂಡಿಸಿತು. ಆಳುವವನು ಬದುಕಿದ್ದಾನೆ, ಆರೋಗ್ಯವಾಗಿದ್ದಾನೆ. ಶತ್ರುಸೈನ್ಯವಾವುದೂ ಬಾಗಿಲಿಗೆ ಬಂದಿಲ್ಲ. ಪೋಲೀಸಿನವರು ಅವನ ಆಜ್ಞೆಯಲ್ಲಿದ್ದಾರೆ, ಬೊಕ್ಕಸದ ಬೀಗದ ಕೈ ಅವನ ವಶದಲ್ಲಿದೆ. ಆದರೂ ಒಂದು ದಿನ ಊರೂರಿನ ಶಾಲೆಗಳಲ್ಲಿ ಜನರು ಸಾಲಾಗಿ ನಿಂತು ಕಾಗದದ ಚೂರುಗಳನ್ನು ಪೆಟ್ಟಿಗೆಗಳಿಗೆ ಹಾಕುತ್ತಾರೆ. ಆ ಚೂರುಗಳನ್ನು ಎಣಿಸಿದ ಮೇಲೆ ಅವನು ಎದ್ದು ಹೋಗಬೇಕು. ಹೋಗದಿದ್ದರೆ ಅವನನ್ನು ಎಬ್ಬಿಸತಕ್ಕವರು ಯಾರು? ಎಬ್ಬಿಸಬೇಕಾದ ಕೈಗಳು ಆ ಕ್ಷಣದವರೆಗೂ ಅವನ ಕೈಗಳೇ ಆಗಿರುತ್ತವೆ. ಶಿಕ್ಷೆಯ ಭಯವೊಂದೇ ಅವನನ್ನು ಇಳಿಸುತ್ತದೆಂದು ಹೇಳಲು ಬಾರದು. ಬೇರೊಂದು ಕಟ್ಟು ಅಲ್ಲಿ ಕೆಲಸಮಾಡುತ್ತಿದೆ. ಆ ಕಟ್ಟು ಎಂತಹುದು, ಅದು ಎಲ್ಲಿಯವರೆಗೆ ಎಳೆಯುತ್ತದೆ ಎಂಬುದು ವಿಚಾರಣೀಯವಾದ ವಿಷಯವು.

ಕರ್ಣಾಟಕದ ಮಟ್ಟಿಗೆ ಈ ಪ್ರಶ್ನೆಯು ಪುಸ್ತಕದಿಂದ ಹೊರಬಿದ್ದು ಕಣ್ಣಿಗೆ ಕಂಡುದು 1983ರ ಜನವರಿಯಲ್ಲಿ. ಮೈಸೂರು ಸಂಸ್ಥಾನದಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಮಂತ್ರಿಮಂಡಲವು 1947ರ ಅಕ್ಟೋಬರ್ 25ರಂದು ಅಧಿಕಾರ ವಹಿಸಿಕೊಂಡಂದಿನಿಂದ ಮೂವತ್ತೈದು ವರ್ಷಗಳಿಗೂ ಮೇಲ್ಪಟ್ಟು, ನಡುವೆ ಎರಡು ಸಲ ಬಂದುಹೋದ ರಾಷ್ಟ್ರಪತಿಯ ಆಡಳಿತವನ್ನು ಬಿಟ್ಟರೆ, ಅಲ್ಲಿ ಆಳಿದುದು ಕಾಂಗ್ರೆಸ್ಸೇ. ಅದರ ಹೆಸರಿನ ಮುಂದಿನ ಕಂಸದೊಳಗಿನ ಅಕ್ಷರವು ಆಗಾಗ ಬದಲಾಗುತ್ತಿತ್ತು. ಮೂಲದ ಬುಡವು ಬದಲಾಗಿರಲಿಲ್ಲ. ಮುಖ್ಯಮಂತ್ರಿಗಳು ಬಂದರು, ಹೋದರು. ಆದರೆ ಅವರು ಬಂದದ್ದೂ ಹೋದದ್ದೂ ಬಹುಮಟ್ಟಿಗೆ ಮನೆಯೊಳಗಿನ ವ್ಯವಹಾರ. ಬೀದಿಯ ಜನರು ಬಾಗಿಲು ತಟ್ಟಿ ‘ಇನ್ನು ಸಾಕು’ ಎಂದುದು ಅದುವರೆಗೆ ಇರಲಿಲ್ಲ.

ಜನವರಿ 5ರಂದು ಮತದಾನವಾಯಿತು. 224 ಸ್ಥಾನಗಳ ವಿಧಾನಸಭೆಯಲ್ಲಿ ಆಳುತ್ತಿದ್ದ ಕಾಂಗ್ರೆಸ್ಸಿಗೆ 82 ದೊರೆತುವು. ಜನತಾ ಪಕ್ಷಕ್ಕೂ ಅದರೊಡನೆ ಕೂಡಿದ್ದ ಕ್ರಾಂತಿರಂಗಕ್ಕೂ ಸೇರಿ 95. ಭಾರತೀಯ ಜನತಾ ಪಕ್ಷಕ್ಕೆ 18. ಎರಡು ಕಮ್ಯೂನಿಸ್ಟ್ ಪಕ್ಷಗಳಿಗೆ ತಲಾ 3. ಪಕ್ಷೇತರರು 22 ಮಂದಿ. ಮುಖ್ಯಮಂತ್ರಿ ಆರ್. ಗುಂಡೂರಾಯರು ಕೊಡಗಿನ ಸೋಮವಾರಪೇಟೆಯ ತಮ್ಮ ಸ್ವಂತ ಕ್ಷೇತ್ರದಲ್ಲಿಯೇ ಸೋತರು. ಜನವರಿ 10ರಂದು ರಾಮಕೃಷ್ಣ ಹೆಗಡೆಯವರು ಪ್ರಮಾಣವಚನ ಸ್ವೀಕರಿಸಿದರು. ಮತದಾನಕ್ಕೂ ಪ್ರಮಾಣಕ್ಕೂ ನಡುವೆ ಐದೇ ದಿನ. ಮೂವತ್ತೈದು ವರ್ಷಗಳ ಒಡೆತನವೊಂದು ಐದು ದಿನಗಳಲ್ಲಿ ಕೈ ಬದಲಾಯಿಸಿತು. ಒಂದು ಲಾಠಿ ಮೇಲೇಳಬೇಕಾಗಿ ಬರಲಿಲ್ಲ.

ಜನರು ಹಾಗೇಕೆ ಮಾಡಿದರೆಂಬುದಕ್ಕೆ ಕಾರಣಗಳನ್ನು ಹುಡುಕಿ ದೂರ ಹೋಗಬೇಕಾದುದಿಲ್ಲ. 1980ರ ಜುಲೈಯಲ್ಲಿ ನರಗುಂದ ನವಲಗುಂದಗಳಲ್ಲಿ ಮಲಪ್ರಭೆಯ ನೀರಿನ ಕರದ ವಿಷಯವಾಗಿ ಎದ್ದ ರೈತರ ಚಳವಳಿಯು ಗೋಲಿಬಾರಿನಲ್ಲಿ ಮುಗಿದಿತ್ತು. ಶಾಲೆಗಳಲ್ಲಿ ಕನ್ನಡಕ್ಕೆ ಸಲ್ಲಬೇಕಾದ ಸ್ಥಾನವನ್ನು ಕುರಿತ ಗೋಕಾಕ್ ಸಮಿತಿಯ ವರದಿಯು 1981ರಲ್ಲಿ ಸರ್ಕಾರದ ಕೈ ಸೇರಿದರೂ ಕಾರ್ಯಕ್ಕೆ ಬಾರದೆ, 1982ರಲ್ಲಿ ಊರೂರುಗಳಲ್ಲಿ ಮೆರವಣಿಗೆಗಳು ಹೊರಟಿದ್ದುವು. ಇವೆಲ್ಲ ಚರಿತ್ರಕಾರನ ಸೊತ್ತು. ಧರ್ಮವಿಚಾರ ಮಾಡುವವನು ನಿಲ್ಲಬೇಕಾದುದು ಇನ್ನೊಂದು ಕಡೆ: ಅಸಮಾಧಾನಗೊಂಡ ಜನರು ಹಿಂದೆಯೂ ಇದ್ದರು, ಆದರೆ ಅಸಮಾಧಾನಕ್ಕೆ ಒಡೆಯನನ್ನು ಇಳಿಸುವ ಶಕ್ತಿ ಯಾವಾಗಲೂ ಇರಲಿಲ್ಲ.

1881ರ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲು ಕರೆದಾಗ 144 ಮಂದಿ ಸೇರಿದ್ದರು. ದೇಶದಲ್ಲಿ ಅದೊಂದು ಅಪೂರ್ವವಾದ ಸಂಗತಿಯೇ ಸರಿ. ಆ ಸಭೆಯವರು ಕೆರೆಯ ಏರಿ ಒಡೆದುದನ್ನು ಹೇಳಬಹುದಾಗಿತ್ತು, ಅಮಲ್ದಾರನ ದಬ್ಬಾಳಿಕೆಯನ್ನು ಹೇಳಬಹುದಾಗಿತ್ತು. ದಿವಾನರು ಕೇಳುತ್ತಿದ್ದರು, ಉತ್ತರ ಕೊಡುತ್ತಿದ್ದರು. ದಿವಾನರನ್ನು ಇಳಿಸುವ ಅಧಿಕಾರ ಮಾತ್ರ ಆ ಸಭೆಗೆ ಇರಲಿಲ್ಲ. ಕೇಳುವ ಒಡೆಯನಿಗೂ ಕೇಳಲೇಬೇಕಾದ ಸೇವಕನಿಗೂ ಇರುವ ಅಂತರವು ಇಲ್ಲಿದೆ. ಮೊದಲನೆಯವನ ಸೌಜನ್ಯವು ಎಷ್ಟೇ ದೊಡ್ಡದಾಗಿರಲಿ, ಅದು ಅವನ ಗುಣ. ಎರಡನೆಯವನ ವಿಧೇಯತೆಯು ಅವನ ಋಣ. 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಎಂದು ಹೊರಟವರು ಬಯಸಿದುದು ಒಳ್ಳೆಯ ದಿವಾನರನ್ನಲ್ಲ. ದಿವಾನಗಿರಿಯೇ ಮತದಾರರಿಗೆ ತಲೆಬಾಗುವಂತಹ ಏರ್ಪಾಟನ್ನು. ಅವರು ಪಡೆದ ಆ ಹಕ್ಕು ಕಾಗದದ ಮೇಲಿದ್ದು, ಪೂರ್ತಿಯಾಗಿ ಪ್ರಯೋಗಕ್ಕೆ ಬಂದುದು 1983ರಲ್ಲಿ. ಹಕ್ಕು ಮೂವತ್ತೈದು ವರ್ಷ ಒರೆಯಲ್ಲಿದ್ದರೂ ತುಕ್ಕು ಹಿಡಿಯಲಿಲ್ಲವೆಂಬುದು ಸಣ್ಣ ಮಾತಲ್ಲ.

ಹಾಗಾದರೆ ಮತದಿಂದ ಬಂದ ಅಧಿಕಾರದ ಸ್ವರೂಪವೇನು? ಅದು ದಾನವೆ, ಕೂಲಿಯೆ, ಇಡುಗಂಟೆ? ದಾನವಾದರೆ ಪಡೆದವನದಾಯಿತು, ಕೊಟ್ಟವನು ಹಿಂದಕ್ಕೆ ಕೇಳಕೂಡದು. ಕೂಲಿಯಾದರೆ ಮಾಡಿದ ಕೆಲಸಕ್ಕೆ ತಕ್ಕಷ್ಟು ಸಲ್ಲಬೇಕು. ಒಳ್ಳೆಯ ಕೆಲಸ ಮಾಡಿದವನನ್ನು ಬಿಡಿಸುವುದು ಅನ್ಯಾಯವಾಗುತ್ತದೆ. ಇಡುಗಂಟಾದರೆ ಮಾತ್ರ ಕೇಳಿದ ಕ್ಷಣದಲ್ಲಿ, ಏಕೆಂದು ಕೇಳದೆ, ಇದ್ದಂತೆ ಒಪ್ಪಿಸಬೇಕು. ನೆರೆಮನೆಯವಳು ಯಾತ್ರೆಗೆ ಹೋಗುವಾಗ ಇಟ್ಟುಹೋದ ಒಡವೆಯ ಗಂಟನ್ನು ಕಾಪಾಡಿದವಳು ‘ಇಷ್ಟು ದಿನ ಕಳ್ಳರಿಂದ ಕಾಪಾಡಿದೆನಲ್ಲ, ಇನ್ನು ಇದು ನನ್ನದು’ ಎಂದರೆ ಯಾರೂ ಒಪ್ಪರು. ಕಾಪಾಡಿದುದು ಉಪಕಾರವೆ? ಹೌದು. ಆ ಉಪಕಾರದಿಂದ ಒಡೆತನ ಹುಟ್ಟುತ್ತದೆಯೆ? ಇಲ್ಲ.

ಈ ಹೋಲಿಕೆಯನ್ನು ಹಿಡಿದು ನೋಡಿದರೆ ಮತದಾರನ ಮೇಲೆ ಬಹುಕಾಲದಿಂದ ಬರುತ್ತಿರುವ ಒಂದು ಅಪವಾದಕ್ಕೆ ಉತ್ತರ ಸಿಕ್ಕುತ್ತದೆ. ಮತದಾರನು ಕೃತಘ್ನನು ಎಂಬುದೇ ಆ ಅಪವಾದ. ದೇವರಾಜ ಅರಸರ ಉದಾಹರಣೆಯನ್ನು ಅದಕ್ಕೆ ಆಧಾರವಾಗಿ ಹೇಳುವುದುಂಟು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಉಳುವವನಿಗೆ ನೆಲವನ್ನು ಕೊಡಿಸಿದವರು ಅವರು. ಹಾವನೂರ್ ಆಯೋಗದ ಮೂಲಕ ಹಿಂದುಳಿದವರ ಗಣನೆಯನ್ನು ಮಾಡಿಸಿ ಕೆಲಸ ಕಾರ್ಯಗಳಲ್ಲಿ ಅವರಿಗೆ ಪಾಲು ದೊರಕಿಸಿದವರು ಅವರು. 1979ರಲ್ಲಿ ಇಂದಿರಾ ಗಾಂಧಿಯವರಿಂದ ಅಗಲಿ ಬೇರೆ ನಿಂತರು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಕರ್ಣಾಟಕದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ ಹೋದುವು. ಅರಸರ ಪಕ್ಷಕ್ಕೆ ಒಂದೂ ದಕ್ಕಲಿಲ್ಲ. ನೆಲ ಪಡೆದ ಕೈಯೇ ಮುದ್ರೆಯನ್ನು ಬೇರೆ ಕಡೆ ಒತ್ತಿತು. ಇದನ್ನು ಕಂಡು ಮರುಗಿದವರು ಅನೇಕರು. ಮರುಕವು ಸಹಜವೂ ಹೌದು. ಆದರೆ ‘ಕೃತಘ್ನ’ ಎಂಬ ಮಾತು ಇಲ್ಲಿ ಸಲ್ಲದು. ಏತಕ್ಕೆಂದರೆ, ಕೊಟ್ಟ ನೆಲವು ಅರಸರ ಜಹಗೀರಿನದಲ್ಲ, ಕೊಟ್ಟ ಕಾಯಿದೆಯು ಜನರು ಕಳುಹಿಸಿದ ಸಭೆಯದು. ಪಾರುಪತ್ಯಗಾರನು ಒಡೆಯನ ಕಣಜದಿಂದ ಒಡೆಯನ ಮಕ್ಕಳಿಗೆ ಅನ್ನವಿಟ್ಟರೆ ಅವನು ಒಳ್ಳೆಯ ಪಾರುಪತ್ಯಗಾರನು, ನಿಜ; ಮಕ್ಕಳು ಅವನನ್ನು ಪ್ರೀತಿಸಲಿ, ಅದೂ ಸರಿ; ಆದರೆ ಅವನು ಆ ಅನ್ನವನ್ನು ಸಾಲದ ಲೆಕ್ಕದಲ್ಲಿ ಬರೆದುಕೊಳ್ಳಕೂಡದು. ಮತವು ಹಿಂದಿನದರ ಬಟವಾಡೆಯಲ್ಲ. ಮುಂದಿನ ಐದು ವರ್ಷ ಈ ಗಂಟು ಯಾರ ಮನೆಯಲ್ಲಿರಲಿ ಎಂಬುದಷ್ಟೇ ಅದರ ಪ್ರಶ್ನೆ. ಅರಸರ ಕಾಲದಲ್ಲಿ ನೆಲ ಪಡೆದವನು ಅವರಿಗೆ ಮತ ಕೊಡದೆ ಅವರ ಭಾವಚಿತ್ರವನ್ನು ಗೋಡೆಯ ಮೇಲೆ ತೂಗುಹಾಕಿಕೊಂಡಿದ್ದರೆ ಅದರಲ್ಲಿ ವಿರೋಧವೇನೂ ಇಲ್ಲ.

ಇನ್ನು ವಿಷಯದ ಕಠಿನವಾದ ಭಾಗ. ಸೋತವನು ಇಳಿಯಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಸೋತಿದ್ದಾನೋ ಇಲ್ಲವೋ ಎಂಬುದೇ ಸಂದೇಹಾಸ್ಪದವಾದಾಗ, ನ್ಯಾಯಶಾಸ್ತ್ರವು ‘ಕುಳಿತಿರಬಹುದು’ ಎಂದು ಹೇಳುತ್ತಿರುವಾಗ, ಎದ್ದು ನಿಂತು ಕೇಳುವುದು ಧರ್ಮವೆ? ಕರ್ಣಾಟಕವು ಈ ಪ್ರಶ್ನೆಯನ್ನು ಐದು ವರ್ಷಗಳ ಅಂತರದಲ್ಲಿ ಎರಡು ಸಲ ಎದುರಿಸಿ, ಎರಡು ಬಗೆಯ ಉತ್ತರಗಳನ್ನು ಕೊಟ್ಟಿತು.

ಮೊದಲನೆಯದು ಈಗ ಹೇಳಿದ 1980ರ ಜನವರಿಯದು. ಲೋಕಸಭೆಯ ಫಲಿತಾಂಶ ಹೊರಬಿದ್ದೊಡನೆ ಬೆಂಗಳೂರಿನ ವಿಧಾನಸಭೆಯಲ್ಲಿ ಅರಸರ ಹಿಂದಿದ್ದ ಸದಸ್ಯರು ಒಬ್ಬರ ಹಿಂದೊಬ್ಬರು ಎದ್ದು ಆ ಕಡೆಗೆ ಹೋದರು. ಅರಸರು ರಾಜೀನಾಮೆ ಕೊಟ್ಟರು; ಗುಂಡೂರಾಯರು ಮುಖ್ಯಮಂತ್ರಿಗಳಾದರು. ಸರ್ಕಾರವು ಬದಲಾಯಿತು, ಜನರನ್ನು ಯಾರೂ ಕೇಳಲಿಲ್ಲ. ಹೋದವರ ಪಕ್ಷದಲ್ಲಿಯೂ ಒಂದು ಸಮಾಧಾನವುಂಟು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಅವರು 1978ರಲ್ಲಿ ಗೆದ್ದುದೇ ಇಂದಿರಾ ಗಾಂಧಿಯವರ ಹೆಸರಿನಲ್ಲಿ, ಹಸ್ತದ ಗುರುತಿನಲ್ಲಿ. 1979ರಲ್ಲಿ ಅರಸರೊಡನೆ ಹೊರಟುಹೋಗಿದ್ದುದೇ ಮತದಾರರನ್ನು ಕೇಳದೆ. ಆದುದರಿಂದ ಈಗ ಮರಳಿ ಬಂದುದು ತಪ್ಪಲ್ಲ, ತಪ್ಪಿನ ತಿದ್ದುಪಡಿ ಎಂದು ಅವರು ವಾದಿಸಬಹುದು. ವಾದವು ಕೇಳಲು ಸೊಗಸಾಗಿದೆ. ಆದರೆ ಎರಡು ಸಲ ಮನೆ ಬದಲಾಯಿಸಿದ ಇಡುಗಂಟಿನ ಕಥೆಯಲ್ಲಿ ಗಂಟಿನ ಒಡತಿಯನ್ನು ಒಂದು ಸಲವಾದರೂ ಕರೆದು ಕೇಳಲಿಲ್ಲವೆಂಬುದನ್ನು ಅದು ಮರೆಸಲಾರದು. ಅಲ್ಲದೆ, ತಿದ್ದುಪಡಿಯ ಬುದ್ಧಿ ಹುಟ್ಟಿದುದು ಫಲಿತಾಂಶದ ಮರುದಿನವೇ ಏಕೆ ಎಂದು ಕೇಳಿದರೆ ಉತ್ತರವು ಕಷ್ಟ.

ಎರಡನೆಯದು 1984ರ ಡಿಸೆಂಬರಿನದು. ಆ ವರ್ಷ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಕೊಲೆಯಾಗಿ, ದೇಶವೆಲ್ಲ ದುಃಖದಲ್ಲಿ ಮುಳುಗಿದ್ದಾಗ ನಡೆದ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ನಾನೂರಕ್ಕೂ ಮಿಕ್ಕ ಸ್ಥಾನಗಳು ಬಂದುವು. ಕರ್ಣಾಟಕದ 28ರಲ್ಲಿ 24 ಅದರ ಪಾಲಾದುವು. ರಾಜ್ಯವನ್ನು ಆಳುತ್ತಿದ್ದ ಜನತಾ ಪಕ್ಷಕ್ಕೆ ಉಳಿದುದು 4. ವಿಧಾನಸಭೆಯಲ್ಲಿ ಹೆಗಡೆಯವರ ಸರ್ಕಾರಕ್ಕೆ ಬಹುಮತವಿದ್ದಿತು. ಅವಧಿಯು ಇನ್ನೂ ಮೂರು ವರ್ಷಗಳಷ್ಟಿತ್ತು. ಲೋಕಸಭೆಯ ಪ್ರಶ್ನೆ ಬೇರೆ, ವಿಧಾನಸಭೆಯ ಪ್ರಶ್ನೆ ಬೇರೆ ಎಂದು ಹೇಳಿ ಕುಳಿತಿದ್ದರೆ ಆಕ್ಷೇಪಿಸುವ ನ್ಯಾಯಾಧೀಶನೊಬ್ಬನೂ ಇರಲಿಲ್ಲ. ಅವರು ಕುಳಿತಿರಲಿಲ್ಲ. ಜನರ ವಿಶ್ವಾಸವು ತಮ್ಮ ಮೇಲೆ ಇದೆಯೋ ಇಲ್ಲವೋ ಎಂಬುದು ಸಂದೇಹಕ್ಕೆ ಬಂದಿತೆಂದು ರಾಜೀನಾಮೆಯಿತ್ತು, ವಿಧಾನಸಭೆಯ ವಿಸರ್ಜನೆಗೆ ಸಲಹೆ ಕೊಟ್ಟು, ಹೊಸ ಚುನಾವಣೆಯನ್ನು ಬೇಡಿದರು. 1985ರ ಮಾರ್ಚ್ 5ರಂದು ಮತದಾನವಾಯಿತು. ಜನತಾ ಪಕ್ಷಕ್ಕೆ 139 ಸ್ಥಾನಗಳು, ಕಾಂಗ್ರೆಸ್ಸಿಗೆ 65. ಹತ್ತು ವಾರಗಳ ಹಿಂದೆ ಒಂದು ಕಡೆ ಮುದ್ರೆಯೊತ್ತಿದ ಅದೇ ಜನರು ಈಗ ಇನ್ನೊಂದು ಕಡೆ ಒತ್ತಿದ್ದರು. ಅವರನ್ನು ಚಂಚಲರೆಂದವರೂ ಇದ್ದಾರೆ. ಎರಡು ಬೇರೆ ಬೇರೆ ಗಂಟುಗಳನ್ನು ಎರಡು ಬೇರೆ ಬೇರೆ ಮನೆಗಳಲ್ಲಿಟ್ಟವಳನ್ನು ಚಂಚಲೆಯೆನ್ನುವುದಾದರೆ ಇವರನ್ನೂ ಹಾಗೆನ್ನಬಹುದು.

ಇಲ್ಲಿ ಸಂಶಯವಾದಿಯೊಬ್ಬನು ಎದ್ದು ನಿಲ್ಲುತ್ತಾನೆ. ಅವನ ಮಾತನ್ನು ತಳ್ಳಿಹಾಕುವಂತಿಲ್ಲ. ‘1983ರ ಸರ್ಕಾರಕ್ಕೆ ಸ್ವಂತ ಬಲವಿದ್ದುದು 95. ಬಹುಮತಕ್ಕೆ 113 ಬೇಕು. ಬಲಗಡೆಯ ಹದಿನೆಂಟು, ಎಡಗಡೆಯ ಆರು, ಪಕ್ಷೇತರರು, ಹೀಗೆ ಊರುಗೋಲುಗಳ ಮೇಲೆ ನಿಂತಿದ್ದವರಿಗೆ ಊರುಗೋಲಿಲ್ಲದೆ ನಡೆಯುವ ಅವಕಾಶ ಬೇಕಾಗಿತ್ತು. ಕಳೆದುಕೊಳ್ಳುವುದು ಸ್ವಲ್ಪ, ಗಳಿಸುವುದು ಬಹಳ. ಇದು ತ್ಯಾಗವಲ್ಲ, ಚದುರಂಗ,’ ಎನ್ನುತ್ತಾನೆ ಅವನು. ಇದಕ್ಕೆ ಕೊಡಬಹುದಾದ ಉತ್ತರವು ಎರಡು ತೆರನಾದುದು. ದೇಶವೆಲ್ಲ ಒಂದು ದಿಕ್ಕಿಗೆ ಹರಿಯುತ್ತಿದ್ದ ಪ್ರವಾಹದ ಎದುರಿನಲ್ಲಿ ಗೆಲವು ಆ ದಿನ ನಿಶ್ಚಿತವಾಗಿರಲಿಲ್ಲ. ಫಲವನ್ನು ತಿಳಿದಮೇಲೆ ಅದನ್ನು ಲೆಕ್ಕಾಚಾರವೆನ್ನುವುದು ಸುಲಭ. ಇದು ಒಂದು. ಇನ್ನೊಂದು ಹೆಚ್ಚು ಮುಖ್ಯವಾದುದು. ಕರ್ಮವು ಲಾಭವನ್ನೂ ತಂದಿತೆಂಬ ಮಾತ್ರಕ್ಕೆ ಅದರ ಧರ್ಮತ್ವವು ಹೋಗುವುದಿಲ್ಲ. ಸತ್ಯವನ್ನು ನುಡಿದ ವ್ಯಾಪಾರಿಗೆ ಗಿರಾಕಿಗಳು ಹೆಚ್ಚಿದರೆ ಅವನು ನುಡಿದುದು ಸುಳ್ಳಾಗುತ್ತದೆಯೆ? ಮನುಷ್ಯನ ಹೃದಯವನ್ನು ತೂಗುವ ತಕ್ಕಡಿ ಮನುಷ್ಯನಲ್ಲಿಲ್ಲ. ಸಾರ್ವಜನಿಕ ಜೀವನದಲ್ಲಿ ತೂಗಬೇಕಾದುದು ಹೃದಯವನ್ನಲ್ಲ, ನಡೆಯನ್ನು. ಸಂದೇಹ ಬಂದಾಗ ಒಡೆಯನನ್ನು ಕೇಳಿದನೆ, ಇಲ್ಲವೆ? 1985ರಲ್ಲಿ ಕೇಳಿದರು. 1980ರಲ್ಲಿ ಕೇಳಲಿಲ್ಲ. ಅಷ್ಟರ ಮಟ್ಟಿಗೆ ತೀರ್ಪು ಸ್ಪಷ್ಟವಾಗಿದೆ.

ಆದರೆ ಸಂಶಯವಾದಿಗೆ ಇನ್ನೂ ಒಂದು ಬಾಣವಿದೆ, ಅದು ಹರಿತವಾದುದು. 1986ರ ಫೆಬ್ರವರಿಯಲ್ಲಿ ಸಾರಾಯಿಯನ್ನು ಸೀಸೆಗೆ ತುಂಬುವ ಗುತ್ತಿಗೆಯ ವಿಷಯವಾಗಿ ಉಚ್ಚ ನ್ಯಾಯಾಲಯವು ಸರ್ಕಾರದ ಮೇಲೆ ಟೀಕೆ ಮಾಡಿದಾಗ ಹೆಗಡೆಯವರು ಮತ್ತೆ ರಾಜೀನಾಮೆ ಕೊಟ್ಟರು. ಪಕ್ಷದವರ ಒತ್ತಾಯದಿಂದ ಕೆಲವೇ ದಿನಗಳಲ್ಲಿ ಹಿಂದಕ್ಕೆ ತೆಗೆದುಕೊಂಡರು. 1988ರ ಆಗಸ್ಟಿನಲ್ಲಿ ದೂರವಾಣಿಗಳ ಕದ್ದಾಲಿಕೆಯ ಗದ್ದಲದಲ್ಲಿ ಕೊಟ್ಟ ರಾಜೀನಾಮೆಯು ನಿಂತಿತು. ಬಿಡುವುದೂ ಒಂದು ಅಭ್ಯಾಸವಾಗಿ, ಆ ಅಭ್ಯಾಸದಿಂದಲೇ ಕೀರ್ತಿ ಬರತೊಡಗಿದರೆ, ತ್ಯಾಗವು ನಾಟಕಶಾಲೆಯನ್ನು ಸೇರುವ ಅಪಾಯವುಂಟು. ಯುದ್ಧವನ್ನು ಗೆದ್ದಮೇಲೆ ಯುಧಿಷ್ಠಿರನು ರಾಜ್ಯ ಬೇಡವೆಂದು ಕಾಡಿಗೆ ಹೊರಟಾಗ ತಮ್ಮಂದಿರೂ ದ್ರೌಪದಿಯೂ ಅವನನ್ನು ಹೊಗಳಲಿಲ್ಲ, ಬೈದರು. ಹೊತ್ತ ಹೊರೆಯನ್ನು ನಡುದಾರಿಯಲ್ಲಿಳಿಸುವುದು ವೈರಾಗ್ಯವಲ್ಲವೆಂಬುದೇ ಅವರ ವಾದದ ತಿರುಳು. ಶ್ರವಣಬೆಳಗೊಳದ ಬೆಟ್ಟದ ಮೇಲೆ 981ರ ಸುಮಾರಿನಲ್ಲಿ ಚಾವುಂಡರಾಯನು ಕಡೆಯಿಸಿ ನಿಲ್ಲಿಸಿದ ಬಾಹುಬಲಿಯು ಅಣ್ಣನನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಗೆದ್ದು, ಗೆದ್ದುದನ್ನು ಬಿಟ್ಟುಹೋದವನು. ಆ ತ್ಯಾಗವು ಮುನಿಗೆ ಭೂಷಣ. ಮಂತ್ರಿಗೆ ಅದನ್ನು ಮಾದರಿಯಾಗಿ ಹೇಳುವವರು ಸ್ವಲ್ಪ ಯೋಚಿಸಬೇಕು. ಬಾಹುಬಲಿಯು ಬಿಟ್ಟುದು ತನ್ನದನ್ನು. ಮಂತ್ರಿಯ ಕೈಯಲ್ಲಿರುವುದು ಪರರದು. ತನ್ನದನ್ನು ಎಲ್ಲಿ ಬೇಕಾದರೂ ಬಿಡಬಹುದು. ಪರರದನ್ನು ಅವರ ಕೈಯಲ್ಲಿಯೇ ಇಡಬೇಕು. 1984ರ ರಾಜೀನಾಮೆಗೂ 1986ರ ರಾಜೀನಾಮೆಗೂ ಇರುವ ವ್ಯತ್ಯಾಸವು ಇದೇ: ಮೊದಲನೆಯದು ಗಂಟನ್ನು ಒಡತಿಯ ಮುಂದೆ ಬಿಚ್ಚಿಟ್ಟಿತು, ಎರಡನೆಯದು ಪಕ್ಷದ ಪಡಸಾಲೆಯಲ್ಲಿಟ್ಟು, ಅಲ್ಲಿಂದಲೇ ಎತ್ತಿಕೊಂಡಿತು.

ಶಾಸನವು ಈ ವಿಷಯದಲ್ಲಿ ಏನನ್ನು ಮಾಡಬಲ್ಲುದೆಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. 1985ರ ಚುನಾವಣೆಗೆ ನಾಲ್ಕು ದಿನ ಮುಂಚೆ, ಮಾರ್ಚ್ 1ರಂದು, ಪಕ್ಷಾಂತರವನ್ನು ತಡೆಯುವ ಐವತ್ತೆರಡನೆಯ ತಿದ್ದುಪಡಿಯು ಜಾರಿಗೆ ಬಂದಿತು. ಅದರಲ್ಲಿ ಮೂರನೆಯ ಒಂದು ಭಾಗದವರು ಒಟ್ಟಾಗಿ ಒಡೆದರೆ ದೋಷವಿಲ್ಲವೆಂದಿತ್ತು. ಒಬ್ಬನು ಮಾಡಿದರೆ ಪಾಪ, ಗುಂಪು ಮಾಡಿದರೆ ಸಂಪ್ರದಾಯ ಎಂಬಂತೆ. 2003ರಲ್ಲಿ ಆ ಕಿಂಡಿಯನ್ನು ಮುಚ್ಚಿದರು. ಈ ನಡುವೆ 1989ರಲ್ಲಿ, ಹೆಗಡೆಯವರ ತರುವಾಯ ಬಂದ ಎಸ್. ಆರ್. ಬೊಮ್ಮಾಯಿಯವರ ಸರ್ಕಾರಕ್ಕೆ 19 ಮಂದಿ ಬೆಂಬಲವಿಲ್ಲವೆಂದು ರಾಜ್ಯಪಾಲರಿಗೆ ಕಾಗದಗಳು ಹೋದುವು. ಅವರಲ್ಲಿ ಕೆಲವರು ಮತ್ತೆ ‘ಬೆಂಬಲವುಂಟು’ ಎಂದರು. ಸಭೆಯಲ್ಲಿ ಎಣಿಸಿ ನೋಡುವ ಅವಕಾಶವನ್ನು ಕೊಡದೆಯೇ ಏಪ್ರಿಲ್ 21ರಂದು ಸರ್ಕಾರವು ವಜಾ ಆಯಿತು. ಬಹುಮತವನ್ನು ಎಣಿಸತಕ್ಕ ಸ್ಥಳವು ರಾಜಭವನವಲ್ಲ, ಶಾಸನಸಭೆಯ ಅಂಗಳ ಎಂದು ಸರ್ವೋಚ್ಚ ನ್ಯಾಯಾಲಯವು 1994ರ ಮಾರ್ಚ್ 11ರಂದು ತೀರ್ಪಿತ್ತಿತು. ಆ ತೀರ್ಪು ದೇಶಕ್ಕೆಲ್ಲ ದಾರಿದೀಪವಾಯಿತು. ಬೊಮ್ಮಾಯಿಯವರಿಗೆ ಪೀಠವನ್ನು ಮಾತ್ರ ಮರಳಿ ಕೊಡಿಸಲಾರದಾಯಿತು.

ಕಿಂಡಿ ಮುಚ್ಚಿದರೆ ಗೋಡೆ ಹಾರುವವರುಂಟು. 2019ರಲ್ಲಿ ಸಮ್ಮಿಶ್ರ ಸರ್ಕಾರದ ಕಡೆಯ ಸದಸ್ಯರು ಪಕ್ಷಾಂತರ ಮಾಡುವ ಬದಲು ಸದಸ್ಯತ್ವಕ್ಕೇ ರಾಜೀನಾಮೆ ಕೊಟ್ಟರು. ಜುಲೈ 23ರಂದು ವಿಶ್ವಾಸಮತದಲ್ಲಿ ಪರವಾಗಿ 99, ವಿರುದ್ಧವಾಗಿ 105 ಮತಗಳು ಬಿದ್ದು ಸರ್ಕಾರವು ಉರುಳಿತು. ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದಾಗ ಹೊಸದಾಗಿ ಬಂದ ಸರ್ಕಾರದ ಪಕ್ಷವು ಹನ್ನೆರಡರಲ್ಲಿ ಗೆದ್ದಿತು. ಇದು ಮೇಲಿನ ವಿಚಾರಕ್ಕೆ ನಿಜವಾದ ತೊಡಕು. ಒಡೆಯನನ್ನು ಕೇಳಬೇಕೆಂಬುದೇ ನಿಯಮವಾದರೆ, ಇವರು ಕೇಳಿದರು. ಬಹುತೇಕ ಕಡೆ ಒಡೆಯನು ಒಪ್ಪಿದನು. ಮತ್ತೇನು ಬೇಕು? ಬೇಕಾದುದು ಒಂದಿದೆ, ಅದು ಕ್ರಮ. ಗಂಟನ್ನು ಬೇರೆಯ ಮನೆಗೆ ಸಾಗಿಸಿ, ಅಲ್ಲಿ ಬೀಗ ಹಾಕಿದಮೇಲೆ ‘ಒಪ್ಪಿಗೆಯಷ್ಟೆ?’ ಎಂದು ಕೇಳುವುದಕ್ಕೂ, ಮೊದಲು ಕೇಳಿ ಆಮೇಲೆ ಸಾಗಿಸುವುದಕ್ಕೂ ಭೇದವುಂಟು. 15 ಕ್ಷೇತ್ರಗಳ ಮತದಾರರಿಗೆ ತಮ್ಮ ಪ್ರತಿನಿಧಿಯ ನಡತೆಯನ್ನು ಕುರಿತು ಹೇಳುವ ಅವಕಾಶ ದೊರೆಯಿತು. 224 ಕ್ಷೇತ್ರಗಳ ಮತದಾರರಿಗೆ ಸರ್ಕಾರವನ್ನು ಕುರಿತು ಹೇಳುವ ಅವಕಾಶ ದೊರೆತುದು 2023ರಲ್ಲಿ. ಆದರೂ ತೊಡಕು ಪೂರ್ತಿಯಾಗಿ ಬಿಚ್ಚಿಕೊಂಡಿತೆಂದು ಹೇಳಲಾಗದು. ಮತದಾರನೇ ಕ್ಷಮಿಸಿದ ಮೇಲೆ ತಪ್ಪನ್ನು ಎತ್ತಿ ಹಿಡಿಯುವ ಅಧಿಕಾರ ಪಂಡಿತನಿಗೆಲ್ಲಿಂದ ಬಂದೀತು ಎಂಬ ಪ್ರಶ್ನೆಯು ಉಳಿದೇ ಇರುತ್ತದೆ.

ಶಾಸನವು ಮುಟ್ಟಲಾರದ ಕಡೆ ನಡತೆಯೊಂದು ಹೇಗೆ ನಿಲ್ಲಬಲ್ಲುದೆಂಬುದಕ್ಕೆ 1962ರ ಸಂಗತಿಯೊಂದನ್ನು ನೆನೆಯಬಹುದು. ಆ ವರ್ಷದ ಚುನಾವಣೆಯಲ್ಲಿ ಕಾಂಗ್ರೆಸ್ಸು ಗೆದ್ದಿತು. ಅದರ ನಾಯಕರಾದ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ವಿಧಾನಸಭೆಯ ಅಧ್ಯಕ್ಷರಾಗಿದ್ದ ಎಸ್. ಆರ್. ಕಂಠಿಯವರು ಮಾರ್ಚಿನಲ್ಲಿ ಮುಖ್ಯಮಂತ್ರಿಗಳಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಅವಿರೋಧವಾಗಿ ಆಯ್ಕೆಯಾದಮೇಲೆ, ಜೂನಿನಲ್ಲಿ, ಕಂಠಿಯವರು ಎದ್ದು ಪೀಠವನ್ನು ಅವರಿಗೆ ಬಿಟ್ಟುಕೊಟ್ಟರು. ನೂರು ದಿನಗಳೂ ತುಂಬಿರಲಿಲ್ಲ. ನಂದಿಗ್ರಾಮದಲ್ಲಿ ಪಾದುಕೆಗಳನ್ನು ಮುಂದಿಟ್ಟುಕೊಂಡು ಕಾದಿದ್ದ ಭರತನ ನೆನಪು ಆಗ ಅನೇಕರಿಗೆ ಬಂದಿದ್ದರೆ ಆಶ್ಚರ್ಯವಿಲ್ಲ. ಸಾಮ್ಯವು ಚೆನ್ನಾಗಿದೆ, ಆದರೆ ಕಣ್ಣು ಮುಚ್ಚಿ ಒಪ್ಪತಕ್ಕದ್ದಲ್ಲ. ರಾಮನನ್ನು ಕಾಡಿಗೆ ಕಳುಹಿಸಿದವಳು ಕೈಕೇಯಿ. ನಿಜಲಿಂಗಪ್ಪನವರನ್ನು ಮನೆಗೆ ಕಳುಹಿಸಿದವರು ಹೊಸದುರ್ಗದ ಮತದಾರರು. ಒಂದು ಊರಿನವರು ಬೇಡವೆಂದವರನ್ನು ಇನ್ನೊಂದು ಊರಿನಿಂದ ಎದುರಾಳಿಯೇ ಇಲ್ಲದೆ ಕರೆತಂದುದು ಕಾಯಿದೆಗೆ ಸರಿ, ರಾಜ್ಯಕ್ಕೂ ಅದರಿಂದ ಹಾನಿಯಾಗಲಿಲ್ಲ. ಹೊಸದುರ್ಗದವರ ಮತಕ್ಕೆ ಬೆಲೆಯೇನಾಯಿತೆಂದು ಯಾರೂ ಅಷ್ಟಾಗಿ ಕೇಳಲಿಲ್ಲ. ಅದು ಹಾಗಿರಲಿ. ಕೈಗೆ ಬಂದ ಮುಖ್ಯಮಂತ್ರಿತ್ವವನ್ನು ಒಪ್ಪಂದದಂತೆ ಹಿಂದಕ್ಕೆ ಕೊಟ್ಟು, ಅದೇ ಮಂತ್ರಿಮಂಡಲದಲ್ಲಿ ವಿದ್ಯಾಮಂತ್ರಿಯಾಗಿ ಕೆಲಸಕ್ಕೆ ಕುಳಿತ ಕಂಠಿಯವರ ನಡತೆಗೆ ಕುಂದಿಲ್ಲ.

1985ರ ತರುವಾಯ 2023ರವರೆಗೆ ನಡೆದ ಯಾವ ವಿಧಾನಸಭಾ ಚುನಾವಣೆಯಲ್ಲಿಯೂ ಕರ್ಣಾಟಕದ ಜನರು ಆಳುತ್ತಿದ್ದ ಪಕ್ಷಕ್ಕೆ ಮರಳಿ ಬಹುಮತವನ್ನು ಕೊಟ್ಟಿಲ್ಲ. 1989, 1994, 1999, 2004, 2008, 2013, 2018, 2023. ಎಂಟು ಸಲ. 1983ರಲ್ಲಿ ವಿಸ್ಮಯವಾಗಿದ್ದುದು ಈಗ ವಾಡಿಕೆಯಾಗಿದೆ. ಇದನ್ನು ಕಂಡು ಸಂತೋಷಪಡುವುದಕ್ಕೆ ಮುಂಚೆ ಒಕ್ಕಲುತನ ಬಲ್ಲವರನ್ನು ಒಂದು ಮಾತು ಕೇಳುವುದು ಒಳ್ಳೆಯದು. ಮುಂದಿನ ಸುಗ್ಗಿಗೆ ತನ್ನನ್ನು ಬಿಡಿಸುತ್ತಾರೆಂದು ನಿಶ್ಚಯವಾಗಿ ತಿಳಿದ ಗೇಣಿದಾರನು ಹೊಲಕ್ಕೆ ಗೊಬ್ಬರ ಹಾಕುತ್ತಾನೆಯೆ? ಬದುವನ್ನು ಕಟ್ಟುತ್ತಾನೆಯೆ? ಬಾವಿಯನ್ನು ತೋಡಿಸುತ್ತಾನೆಯೆ? ಬೆಳೆದಷ್ಟನ್ನು ಬಳಿದುಕೊಂಡು ಹೋಗುತ್ತಾನೆ. ಇಳಿಯಬೇಕಾದೀತೆಂಬ ಅರಿವು ಆಳುವವನನ್ನು ವಿನೀತನನ್ನಾಗಿ ಮಾಡುತ್ತದೆ; ಇಳಿಯುವುದು ಖಂಡಿತವೆಂಬ ಅರಿವು ಅವನನ್ನು ಆತುರಗಾರನನ್ನಾಗಿಯೂ ಮಾಡಬಹುದು. ಒಳ್ಳೆಯದನ್ನು ಮಾಡಿದರೂ ಕಳುಹಿಸುತ್ತಾರೆ, ಕೆಟ್ಟದನ್ನು ಮಾಡಿದರೂ ಕಳುಹಿಸುತ್ತಾರೆ ಎಂದಾದರೆ, ಮತವು ತೀರ್ಪಾಗಿ ಉಳಿಯದೆ ಋತುಧರ್ಮವಾಗುತ್ತದೆ. ಆಷಾಢದ ಗಾಳಿಗೆ ಹೆದರಿ ಯಾರೂ ತಮ್ಮ ನಡತೆಯನ್ನು ತಿದ್ದಿಕೊಳ್ಳರು. ಇಡುಗಂಟಿನ ಒಡತಿಗೂ ಆದುದರಿಂದ ಒಂದು ಕೆಲಸ ಉಳಿಯುತ್ತದೆ: ಗಂಟನ್ನು ಹಿಂದಕ್ಕೆ ಪಡೆದಾಗ ಬಿಚ್ಚಿ ಎಣಿಸಿ ನೋಡುವುದು. ಎಣಿಸದೆ ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸುತ್ತಲೇ ಇದ್ದರೆ, ಕಾಪಾಡಿದವಳಿಗೂ ಕದ್ದವಳಿಗೂ ಭೇದವೇ ತಿಳಿಯದು.

ಮತ ಹಾಕಿದವರ ಬೆರಳಿಗೆ ಹಚ್ಚುವ ಅಳಿಸದ ಮಸಿಯು ತಯಾರಾಗುವುದು ಮೈಸೂರಿನಲ್ಲಿ, ಮಹಾರಾಜರ ಕಾಲದಲ್ಲಿ, 1937ರಲ್ಲಿ, ಅರಗು ಬಣ್ಣಗಳಿಗಾಗಿ ಸ್ಥಾಪಿತವಾದ ಕಾರ್ಖಾನೆಯಲ್ಲಿ. 1962ರ ಚುನಾವಣೆಯಿಂದೀಚೆಗೆ ದೇಶಕ್ಕೆಲ್ಲ ಅದೇ ಮಸಿ. ಆ ಗುರುತು ಕೆಲವು ವಾರಗಳಲ್ಲಿ ಉಗುರಿನೊಡನೆ ಬೆಳೆದು ಹೋಗುತ್ತದೆ. ಸೋಲಿನ ಗುರುತೂ ಬಹುಕಾಲ ನಿಲ್ಲುವುದಿಲ್ಲವೆಂಬುದನ್ನು ಇಲ್ಲಿ ಹೆಸರಿಸಿದವರ ಮುಂದಿನ ಕಥೆಯೇ ಹೇಳುತ್ತದೆ. ಸೋಮವಾರಪೇಟೆಯಲ್ಲಿ ಸೋತ ಗುಂಡೂರಾಯರನ್ನು 1989ರಲ್ಲಿ ಬೆಂಗಳೂರು ದಕ್ಷಿಣದವರು ಲೋಕಸಭೆಗೆ ಆರಿಸಿ ಕಳುಹಿಸಿದರು. ಎರಡು ಸಲ ರಾಜ್ಯದ ವಿಶ್ವಾಸವನ್ನು ಗಳಿಸಿದ ಹೆಗಡೆಯವರು 1991ರಲ್ಲಿ ಲೋಕಸಭೆಗೆ ನಿಂತು ಸೋತರು. ಅವರು ಸೋತ ಕ್ಷೇತ್ರವು ಬಾಗಲಕೋಟೆ. ಇಪ್ಪತ್ತೊಂಬತ್ತು ವರ್ಷಗಳ ಹಿಂದೆ ನಿಜಲಿಂಗಪ್ಪನವರನ್ನು ಎದುರಿಲ್ಲದೆ ಬರಮಾಡಿಕೊಂಡ ಊರು.